ಮನಸ್ಸು ಮುರಿದ ನಾಯಕರು: ರಷ್ಯಾದಲ್ಲಿಯೂ ಕನ್ನಡದಲ್ಲಿಯೂ

ನಾಯಕ ಎಂದೊಡನೆ ನಮಗೆ ಧೀರೋದಾತ್ತ ಪುರುಷನ ನೆನಪಾಗುವುದು ಸಹಜ. ಪ್ರತಿನಾಯಕನೆಂದರೆ ರಾವಣ, ದುರ್ಯೋಧನರು. ಈ ಎರಡು ಪಂಗಡಕ್ಕೂ ಸೇರದ ಮೂರನೆಯವನೊಬ್ಬನನ್ನು ಹತ್ತೊಂಬತ್ತನೆಯ ಶತಮಾನದ ರಷ್ಯನ್ ಲೇಖಕರು ಚಿತ್ರಿಸಿದರು. ಅವನು ಓದಿದವನು, ಬುದ್ಧಿವಂತ. ಸುತ್ತಲಿನ ಟೊಳ್ಳನ್ನು ಕಂಡುಕೊಂಡವನು. ಆದರೆ ಕಂಡ ಮೇಲೆ ಏನನ್ನೂ ಮಾಡಲಾರದವನು. ಇಂಥವನ ಕಥೆಯನ್ನು ನಾವು ಹೇಗೆ ಓದಬೇಕೆಂಬುದೇ ಈ ಪಾಠದ ವಿಷಯ.

ಹುಟ್ಟಿದ ಕಾಲ

1825ರ ಡಿಸೆಂಬರಿನಲ್ಲಿ ಪೀಟರ್ಸ್‌ಬರ್ಗಿನಲ್ಲಿ ಕೆಲವು ಸೇನಾಧಿಕಾರಿಗಳು ನಿರಂಕುಶ ಪ್ರಭುತ್ವದ ವಿರುದ್ಧ ದಂಗೆಯೆದ್ದರು. ದಂಗೆ ಅಂದೇ ಅಡಗಿತು. ಐವರನ್ನು ಗಲ್ಲಿಗೇರಿಸಿದರು, ಅನೇಕರನ್ನು ಸೈಬೀರಿಯಕ್ಕೆ ಅಟ್ಟಿದರು. ಆಮೇಲೆ ಓದಿದ ತರುಣರಿಗೆ ವಿಚಾರವೇನೋ ಇತ್ತು, ಅದನ್ನು ನಡೆಸುವ ದಾರಿಯಿರಲಿಲ್ಲ. ಪುಷ್ಕಿನ್ನನ ಒನೇಗಿನ್ ಬೇಸರದಲ್ಲಿಯೇ ಬದುಕಿ, ಗೆಳೆಯನನ್ನು ದ್ವಂದ್ವಯುದ್ಧದಲ್ಲಿ ಕೊಲ್ಲುತ್ತಾನೆ. ಲೆರ್ಮೊಂತೊವನ ‘ನಮ್ಮ ಕಾಲದ ನಾಯಕ’ದ (1840) ಪೆಚೋರಿನ್, ಬೇಲಾ ಎಂಬ ಹುಡುಗಿಯನ್ನು ಅವಳ ಮನೆಯಿಂದ ತರಿಸಿಕೊಂಡು, ಕೆಲವು ತಿಂಗಳಲ್ಲೇ ಅವಳ ಮೇಲೆ ಬೇಸರಪಡುತ್ತಾನೆ. ಗೊಂಚರೋವನ ಓಬ್ಲೊಮೊವ್ (1859) ಹಾಸಿಗೆಯಿಂದ ಏಳುವುದಕ್ಕೂ ಹಿಂಜರಿಯುತ್ತಾನೆ. ದೂರದ ಹಳ್ಳಿಯಲ್ಲಿ ಜೀತದ ರೈತರು ಅವನಿಗಾಗಿ ದುಡಿಯುತ್ತಿದ್ದರು. ಆದ್ದರಿಂದಲೇ ಅವನು ಮಲಗಿರಬಲ್ಲವನಾದನು. ಆ ಜೀತ ರದ್ದಾದದ್ದು 1861ರಲ್ಲಿ.

ಒಬ್ಬ ಸಣ್ಣ ನೌಕರ

ಇವರೆಲ್ಲ ಜಮೀನ್ದಾರರು. 1864ರಲ್ಲಿ ದಾಸ್ತೊಯೆವ್‌ಸ್ಕಿ ನಮ್ಮಂಥವನೊಬ್ಬನನ್ನು ತಂದು ನಿಲ್ಲಿಸಿದನು. ‘ನೆಲಮಾಳಿಗೆಯ ಟಿಪ್ಪಣಿಗಳು’ ಎಂಬ ಅವನ ಕಥೆಯ ನಾಯಕ ಕಚೇರಿಯ ನೌಕರ. ಮೇಜಿನ ಮುಂದೆ ಬಂದ ಅರ್ಜಿದಾರರ ಮನಸ್ಸು ನೋಯಿಸಿದರೆ ಅವನಿಗೆ ಸಂತೋಷ! ಒಮ್ಮೆ ಸೇನಾಧಿಕಾರಿಯೊಬ್ಬನು ಮಾತೂ ಆಡದೆ, ಇವನ ಭುಜ ಹಿಡಿದು ಕುರ್ಚಿ ಸರಿಸುವಂತೆ ಪಕ್ಕಕ್ಕೆ ಸರಿಸಿಬಿಡುತ್ತಾನೆ. ಇವನು ವರ್ಷಗಟ್ಟಲೆ ಆ ಅವಮಾನವನ್ನು ಮೆಲುಕುಹಾಕುತ್ತಾನೆ. ಬೀದಿಯಲ್ಲಿ ಅವನಿಗೆ ದಾರಿ ಬಿಡದೆ ಸರಿಸಮನಾಗಿ ಡಿಕ್ಕಿ ಹೊಡೆಯಬೇಕೆಂದು ಸಂಚು ಹೂಡುತ್ತಾನೆ. ಅದಕ್ಕಾಗಿ ಮೇಲಿನವರಿಂದ ಸಾಲ ಪಡೆದು ಕೋಟಿಗೆ ಒಳ್ಳೆಯ ತುಪ್ಪಳದ ಕಾಲರು ಹಾಕಿಸುತ್ತಾನೆ. ಕೊನೆಗೆ ಡಿಕ್ಕಿ ಹೊಡೆದಾಗ, ಅಧಿಕಾರಿ ತಿರುಗಿಯೂ ನೋಡುವುದಿಲ್ಲ.

ಇಲ್ಲಿಯವರೆಗೆ ನಮಗೆ ನಗೆಯೂ ಮರುಕವೂ ಬರುತ್ತವೆ. ಮುಂದಿನದು ಹಾಗಲ್ಲ. ವೇಶ್ಯಾಗೃಹದಲ್ಲಿ ಸಿಕ್ಕಿಕೊಂಡ ಲೀಸಾ ಎಂಬ ಹುಡುಗಿ ಇವನ ಉಪದೇಶವನ್ನು ನಂಬಿ ಮನೆಗೆ ಬರುತ್ತಾಳೆ. ಇವನು ತಾನು ಬೇರೆಡೆ ಉಂಡ ಅವಮಾನವನ್ನೆಲ್ಲ ಅವಳ ಮೇಲೆ ಸುರಿಯುತ್ತಾನೆ. ಕಡೆಗೆ ಅವಳ ಕೈಗೆ ಹಣ ತುರುಕುತ್ತಾನೆ. ಅವಳು ಐದು ರೂಬಲ್ಲಿನ ಆ ನೋಟನ್ನು ಮುದುಡಿ ಮೇಜಿನ ಮೇಲೆ ಬಿಟ್ಟು ಹೊರಟುಹೋಗುತ್ತಾಳೆ.

ಕನ್ನಡದಲ್ಲಿ

ಈ ಬಗೆಯ ನಾಯಕ ನಮ್ಮ ನವ್ಯ ಕಾದಂಬರಿಗಳಲ್ಲಿಯೂ ಬಂದನು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961), ಅನಂತಮೂರ್ತಿಯವರ ‘ಸಂಸ್ಕಾರ’ (1965), ಲಂಕೇಶರ ‘ಬಿರುಕು’ (1967), ಯಶವಂತ ಚಿತ್ತಾಲರ ‘ಶಿಕಾರಿ’ (1979) ಇವನ್ನು ವಾಚಕರು ನೋಡಬಹುದು. ‘ಸಂಸ್ಕಾರ’ದಲ್ಲಿ ನಾರಣಪ್ಪನ ಹೆಣ ಬಿದ್ದಿರುವಾಗ ಪ್ರಾಣೇಶಾಚಾರ್ಯರು ಶಾಸ್ತ್ರದಲ್ಲಿಯೂ ಆಮೇಲೆ ತಮ್ಮೊಳಗೂ ಉತ್ತರ ಹುಡುಕುತ್ತಾರೆ. ಆ ಹೆಣವನ್ನು ಇರುಳಿನಲ್ಲಿ ಮುಸಲ್ಮಾನನೊಬ್ಬನ ನೆರವಿನಿಂದ ಸುಡಿಸಿದವಳು ಚಂದ್ರಿ.

‘ಶಿಕಾರಿ’ಯ ನಾಗಪ್ಪ ಊರು ಬಿಟ್ಟು ಬಂದ ನಮಗೆ ಇನ್ನೂ ಹತ್ತಿರದವನು. ಮುಂಬಯಿಯ ಕಂಪನಿಯೊಂದರಲ್ಲಿ ಅಧಿಕಾರಿಯಾದ ಅವನನ್ನು, ತಿಳಿಯದ ಆರೋಪದ ಮೇಲೆ ಕೆಲಸದಿಂದ ದೂರವಿಡುತ್ತಾರೆ. ಜೊತೆಯವರೆಲ್ಲ ಅವನಿಗೆ ಬೇಟೆಗಾರರಾಗಿ ಕಾಣತೊಡಗುತ್ತಾರೆ. ಚಿತ್ತಾಲರೂ ಬಾಕೆಲೈಟ್ ಹೈಲಾಮ್ ಕಂಪನಿಯಲ್ಲಿ ದುಡಿದವರು. ಅದರ ಕಾರ್ಖಾನೆಯೊಂದು ನಮ್ಮ ಸನತ್‌ನಗರದಲ್ಲಿಯೇ ಇತ್ತು. ಸಂಬಳವನ್ನೇ ನಂಬಿದ ನಾಗಪ್ಪನಿಗೆ ಓಬ್ಲೊಮೊವನ ಹಾಸಿಗೆಯಿಲ್ಲ. ಅವನ ಹಿಂದೆ ದುಡಿದು ಹಾಕುವ ಹಳ್ಳಿಯಿಲ್ಲ.

ಓದುವ ಬಗೆ

ಈ ನಾಯಕರು ಕಂಡದ್ದು ಸುಳ್ಳಲ್ಲ. ಅಧಿಕಾರದ ದರ್ಪ, ಆಚಾರದ ಟೊಳ್ಳು, ಕಚೇರಿಯ ಒಳಸಂಚು ಎಲ್ಲವೂ ಇದ್ದವು, ಇವೆ. ಆದರೆ ಕಂಡವನೆಂಬ ಮಾತ್ರಕ್ಕೆ ಅವನು ದೊಡ್ಡವನಾಗಲಿಲ್ಲ. ಆದುದರಿಂದ ಓದುವಾಗ ನಾಯಕನೊಬ್ಬನನ್ನೇ ನೋಡದೆ, ಪಕ್ಕದಲ್ಲಿ ನಿಂತವರನ್ನೂ ನೋಡೋಣ. ಅವನ ಬೇಸರದ ಬೆಲೆಯನ್ನು ತೆತ್ತವರು ಬೇಲಾ, ಲೀಸಾ. ಮೇಲಿನಿಂದ ಬಿದ್ದ ಪೆಟ್ಟನ್ನು ಕೆಳಗಿನವರಿಗೆ ದಾಟಿಸುವುದು ಪೀಟರ್ಸ್‌ಬರ್ಗಿನ ರೋಗ ಮಾತ್ರವಲ್ಲ. ಸಾಹೇಬರ ಬೈಗುಳ ತಿಂದು ಮನೆಗೆ ಬಂದು ಮಕ್ಕಳ ಮೇಲೆ ಹರಿಹಾಯುವವರು, ನಮ್ಮ ಮೇಜಿನ ಮುಂದೆ ನಿಂತ ಹಳ್ಳಿಯವನನ್ನು ಸುಮ್ಮನೆ ನಾಳೆ ಬಾ ಎನ್ನುವವರು ನಮ್ಮಲ್ಲಿಯೂ ಉಂಟು. ಪೆಟ್ಟು ನಮ್ಮಲ್ಲಿಗೇ ನಿಲ್ಲಲಿ ಎನ್ನುವವನು ಕಾದಂಬರಿಯ ನಾಯಕನಾಗದಿರಬಹುದು. ಅವನ ಮನೆಯವರಿಗೆ ಅಷ್ಟು ಸಾಕು.

ಅಭ್ಯಾಸಕ್ಕೆ

1. ಲೀಸಾ ಆ ನೋಟನ್ನು ಏಕೆ ಬಿಟ್ಟುಹೋದಳು?
2. ಹೆಣ ಸುಡುವ ಕೆಲಸದಲ್ಲಿ ಆಚಾರ್ಯರಿಗೆ ಆಗದ್ದು ಚಂದ್ರಿಗೆ ಹೇಗೆ ಆಯಿತು?
3. ಓಬ್ಲೊಮೊವ್, ನಾಗಪ್ಪ ಇವರಿಬ್ಬರ ಕಷ್ಟಗಳಲ್ಲಿ ಭೇದವೇನು?