ಉತ್ತರಗಳನ್ನು ಜೇಬಿನಲ್ಲಿಟ್ಟುಕೊಂಡು ಹೋದವನ ಪಾಠಗಳು

ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ಹೈದರಾಬಾದೇ ನೆನಪಾಗುತ್ತದೆ. 1956ರಲ್ಲಿ ರಾಜ್ಯ ಬೇರೆಯಾಯಿತು, ರೈಲು ಹಳಿ ಬೇರೆಯಾಗಲಿಲ್ಲ. ವಾಡಿ, ತಾಂಡೂರು, ವಿಕಾರಾಬಾದ್ ಹಾಯ್ದು ಬಂದು ನಾಂಪಲ್ಲಿಯಲ್ಲಿ ಇಳಿದರೆ ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಹತ್ತಿರ. ಈಗ ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಘಟಕವಿದೆ. ಆದರೂ ‘ಹೈದರಾಬಾದಿಗೆ ಒಯ್ದು ತೋರಸ್ರಿ’ ಎನ್ನುವ ಸಲಹೆ ಹಳ್ಳಿಗಳಲ್ಲಿ ನಿಂತಿಲ್ಲ.

ನಾನು ಮೈಸೂರು ಸೀಮೆಯವನು. ಬ್ಯಾಂಕ್ ನೌಕರಿ ಹಿಡಿದು ಹೈದರಾಬಾದಿಗೆ ಬಂದೆ, ಇಲ್ಲೇ ನಿವೃತ್ತನಾದೆ. ಇಲ್ಲಿನ ಆಸ್ಪತ್ರೆಯೊಂದರ ಪ್ಯಾಲಿಯೇಟಿವ್ ಕೇರ್ ವಿಭಾಗಕ್ಕೆ, ಅಂದರೆ ರೋಗ ವಾಸಿಯಾಗಲಿ ಬಿಡಲಿ, ರೋಗಿಯ ನೋವು ಸಂಕಟ ಇಳಿಸುವ ವಿಭಾಗಕ್ಕೆ, ಕನ್ನಡ ದುಭಾಷಿ ಬೇಕು ಅಂತ ಕಾಚಿಗುಡದ ಗೆಳೆಯರೊಬ್ಬರು ಹೇಳಿದರು. ಕನ್ನಡ ಬರುತ್ತಿತ್ತು. ಜೊತೆಗೆ ಭಾನುವಾರದ ಸತ್ಸಂಗದಲ್ಲಿ ಗೀತೆ, ವಚನಗಳ ಮೇಲೆ ಮಾತಾಡಿ ರೂಢಿಯಿತ್ತು. ಎರಡು ಅರ್ಹತೆ ಇದೆ ಅಂದುಕೊಂಡು ಹೊರಟೆ. ಮೊದಲನೆಯದು ಹೇಗೋ ಕೆಲಸಕ್ಕೆ ಬಂತು. ಎರಡನೆಯದರಿಂದ ಆದ ಅನಾಹುತಗಳ ಪಟ್ಟಿ ಕೆಳಗಿದೆ.

1. ಮೊದಲು ನೋವು ಇಳಿಯಲಿ, ವೇದಾಂತ ಆಮೇಲೆ.

ಸೇಡಂ ಕಡೆಯ ಒಬ್ಬರಿಗೆ ಬಾಯಿಯ ಕ್ಯಾನ್ಸರ್. ಮಾತು ಕಷ್ಟ, ಹಾಗಾಗಿ ಕೇಳುವುದಕ್ಕೆ ಪುರುಸೊತ್ತು ಇದ್ದೇ ಇರುತ್ತದೆ ಅಂದುಕೊಂಡು ಗೀತೆಯ ಎರಡನೇ ಅಧ್ಯಾಯ ಎತ್ತಿಕೊಂಡೆ. ದೇಹ ಬೇರೆ, ಆತ್ಮ ಬೇರೆ ಅಂತ ನಾನು ವಿವರಿಸುವಷ್ಟು ಹೊತ್ತೂ ಅವರು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. ತನ್ಮಯರಾಗಿದ್ದಾರೆ ಅಂದುಕೊಂಡೆ. ಸಿಸ್ಟರ್ ಬಂದು, ‘ಸರ್, ಅವರ ಮುಷ್ಟಿ ನೋಡಿ’ ಅಂದರು. ಹಾಸಿಗೆಯ ಬಟ್ಟೆಯನ್ನು ಹಿಂಡಿ ಹಿಡಿದಿದ್ದರು. ಬಾಯಲ್ಲಿ ಕೊಡುವ ಸಾದಾ ಮಾರ್ಫಿನ್ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ಅವರು ಕಾಯುತ್ತಿದ್ದದ್ದು ಮುಂದಿನ ಡೋಸಿಗೆ.

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭಿಸಿದ ಸಿಸಿಲಿ ಸಾಂಡರ್ಸ್, ನೋವು ದೇಹದ್ದು, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲ ಸೇರಿ ಒಂದೇ ಆಗಿರುತ್ತದೆ ಅಂದರು. ತರಬೇತಿಯಲ್ಲಿ ಇದನ್ನು ಕೇಳಿದ ನಾನು ಕೊನೆಯದು ನನ್ನ ಖಾತೆ ಅಂತ ಬರೆದುಕೊಂಡಿದ್ದೆ. ದೇಹ ಕೂಗುತ್ತಿರುವಾಗ ಉಳಿದ ಮೂರೂ ಕೇಳಿಸುವುದಿಲ್ಲ ಅನ್ನುವುದು ಹೊಳೆದಿರಲಿಲ್ಲ. ಈಗ ನನ್ನ ಅಧ್ಯಾತ್ಮ ಶುರುವಾಗುವುದು ಔಷಧದ ಚೀಟಿಯಿಂದ. ಮಾರ್ಫಿನ್ ಅಂದರೆ ಚಟ, ಮಾರ್ಫಿನ್ ಅಂದರೆ ಕೊನೆ ಅಂತ ಹೆದರುವ ಮನೆಯವರಿಗೆ, ವೈದ್ಯರು ಹೇಳಿದ ಅಳತೆಯಲ್ಲಿ ಹೊತ್ತಿಗೆ ಸರಿಯಾಗಿ ಕೊಟ್ಟರೆ ಹಾಗಲ್ಲ ಅಂತ ಕನ್ನಡದಲ್ಲಿ ತಿಳಿಸುತ್ತೇನೆ. ಜೊತೆಗೆ ಕೊಡುವ ಮಲಬದ್ಧತೆಯ ಔಷಧ ಬಿಡಬೇಡಿ ಅಂತಲೂ ಹೇಳುತ್ತೇನೆ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಮಾರ್ಫಿನ್ ರೋಗಿಗಳಿಗೆ ಸಿಗುವುದೇ ದುಸ್ತರವಾಗಿತ್ತು. 2014ರ ತಿದ್ದುಪಡಿ ದಾರಿ ಸಡಿಲಿಸಿತು. ಪ್ರವಚನಕ್ಕೆ ಯಾವ ಲೈಸೆನ್ಸೂ ಬೇಕಿರಲಿಲ್ಲ, ಆದ್ದರಿಂದ ಅದು ಧಾರಾಳವಾಗಿ ಸಿಗುತ್ತಿತ್ತು.

2. ಕರ್ಮದ ಮಾತು ಅವರ ಬಾಯಿಂದ ಬರಲಿ, ನಮ್ಮ ಬಾಯಿಂದ ಬೇಡ.

ಯಾದಗಿರಿ ಕಡೆಯ ಹೆಣ್ಣುಮಗಳು, ಗರ್ಭಕೊರಳಿನ ಕ್ಯಾನ್ಸರ್. ‘ನಾ ಏನ್ ಪಾಪ ಮಾಡೀನ್ರಿ ಕಾಕಾ?’ ಅಂದರು. ಪ್ರಶ್ನೆ ಅಂದಮೇಲೆ ಉತ್ತರ ಕೊಡಬೇಕಲ್ಲ! ಸಂಚಿತ, ಪ್ರಾರಬ್ಧ, ಆಗಾಮಿ ಅಂತ ಮೂರು ಬಗೆಯ ಕರ್ಮವನ್ನೂ ಬಿಡಿಸಿ ಹೇಳಿದೆ. ಅವರು ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ಪಾಪ ಮಾಡಿದ್ದೀಯ, ಯಾವ ಜನ್ಮದ್ದು ಅಂತ ಮಾತ್ರ ಗೊತ್ತಿಲ್ಲ ಅಂತಲೇ ನಾನು ಹೇಳಿದ ಹಾಗಾಯಿತು ಅಂತ ರಾತ್ರಿ ಊಟಕ್ಕೆ ಕೂತಾಗ ಅರಿವಾಯಿತು.

ಮರುವಾರ ವೈದ್ಯೆ ಅವರ ಪಕ್ಕ ಕೂತು, ಇದು ಒಂದು ವೈರಸ್‌ನಿಂದ ಬರುವಂಥದ್ದು, ಆ ವೈರಸ್ ಬಹಳಷ್ಟು ಜನರಿಗೆ ಬದುಕಿನಲ್ಲಿ ಯಾವಾಗಲೋ ತಗಲಿ ಹೆಚ್ಚಿನವರಲ್ಲಿ ತಾನೇ ಹೋಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ, ನೀವು ಮಾಡಿದ ತಪ್ಪು ಏನೂ ಇಲ್ಲ ಅಂದರು. ನಾನು ಬರೀ ಕನ್ನಡ ಮಾಡಿದೆ. ಆ ಹೆಣ್ಣುಮಗಳು ಬಹಳ ಹೊತ್ತು ಅತ್ತರು, ಆಮೇಲೆ ಚಹಾ ಕೇಳಿದರು. ಅವತ್ತು ಸಮಾಧಾನ ತಂದದ್ದು ಎಚ್.ಪಿ.ವಿ. ಎನ್ನುವ ವೈರಸ್ಸಿನ ಸುದ್ದಿ.

ಹಾಗಂತ ಕರ್ಮ ಅನ್ನುವುದನ್ನೇ ಬಹಿಷ್ಕರಿಸಿ ಇನ್ನೊಂದು ತಪ್ಪು ಮಾಡಿದೆ. ಚಿತ್ತಾಪುರದ ಒಬ್ಬ ಅಜ್ಜಿ ‘ಹಿಂದಿಂದೆಲ್ಲ ಇಲ್ಲೇ ತೀರ್ಸಿ ಹೊಂಟೀನಿ, ಹಗುರ ಆತು’ ಅಂದಾಗ, ಹಾಗೆಲ್ಲ ಅಂದುಕೊಳ್ಳಬೇಡಿ ಅಂತ ತಿದ್ದಲು ಹೋದೆ. ಅಜ್ಜಿ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು. ಅವರು ಕಟ್ಟಿಕೊಂಡ ಸಮಾಧಾನ ಅವರದು, ಅದನ್ನು ಕೆಡವಲು ನನಗೆ ಹಕ್ಕಿಲ್ಲ.

3. ಯಾರ ದೇವರು ಯಾರು ಅಂತ ಊಹಿಸಬೇಡಿ, ಕೇಳಿ.

ಆಳಂದ ಕಡೆಯ ರೈತರೊಬ್ಬರು, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಲಿಂಗವಂತರು ಅಂತ ನಾನು ಬಸವಣ್ಣನ ಮೇಲೆ ಮಾತಾಡಲು ಸಿದ್ಧನಾಗಿ ಹೋದೆ. ಅವರು ಕೇಳಿದ್ದು ಬೇರೆ: ‘ನಾಂಪಲ್ಲಿ ಯೂಸುಫೈನ್ ದರ್ಗಾಕ್ಕ ಒಮ್ಮಿ ಕರ್ಕೊಂಡ್ ಹೋಗ್ತೀರೇನ್ರಿ?’ ಕಲಬುರಗಿಯಲ್ಲಿ ಬಂದೇ ನವಾಜರ ಉರುಸಿಗೆ ತಪ್ಪದೆ ಹೋಗುವವರಂತೆ. 1422ರಲ್ಲಿ ತೀರಿಕೊಂಡ ಆ ಸೂಫಿಯ ಬಾಗಿಲಿಗೆ ಕಲಬುರಗಿ ಸೀಮೆಯಲ್ಲಿ ಎಲ್ಲ ಮತದವರೂ ಹೋಗುತ್ತಾರೆ ಅನ್ನುವುದು ಪುಸ್ತಕದಲ್ಲಿ ಓದಿ ನನಗೆ ಗೊತ್ತಿತ್ತು. ಎದುರಿಗೆ ಬಂದಾಗ ನೆನಪಾಗಲಿಲ್ಲ. ಆಟೋದಲ್ಲಿ ಹೋಗಿ ಬಂದೆವು. ಬಸವಣ್ಣನ ಉಪನ್ಯಾಸ ಹಾಗೇ ಉಳಿಯಿತು.

ಆದರೆ ಅದೇ ವ್ಯಕ್ತಿ ಹೊಟ್ಟೆಯ ಸಿ.ಟಿ. ಸ್ಕ್ಯಾನಿಗೆ ಹೋದಾಗ, ‘ಕೊರಳಲ್ಲಿರೋದು ತೆಗೀಬೇಕಂತೆ’ ಎಂದು ನಾನು ಯಾಂತ್ರಿಕವಾಗಿ ಹೇಳಿದ್ದಕ್ಕೆ ಸ್ಟ್ರೆಚರಿನಿಂದ ಇಳಿದೇ ಬಿಟ್ಟರು. ದೀಕ್ಷೆ ಪಡೆದವರ ಮೈಯಿಂದ ಇಷ್ಟಲಿಂಗ ದೂರವಾಗಬಾರದು. ದರ್ಗಾಕ್ಕೆ ಹೋಗುವವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ ಎನ್ನುವುದು ನನ್ನ ಎರಡನೇ ಊಹೆ. ಕೊನೆಗೆ ಅವರ ಮಗನೇ ಉಪಾಯ ಸೂಚಿಸಿದ: ಬೆಳ್ಳಿ ಕರಡಿಗೆ ಮಗನ ಕೈಗೆ, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೋಳಿಗೆ. ಕೈ ತಲೆಯ ಮೇಲೆತ್ತಿ ಮಲಗುವುದರಿಂದ ಸ್ಕ್ಯಾನಿಗೆ ಅಡ್ಡಿಯಿಲ್ಲ ಅಂತ ತಂತ್ರಜ್ಞರೂ ಒಪ್ಪಿದರು.

ಕ್ರಿಸ್ಟಿನಾ ಪುಚಾಲ್ಸ್ಕಿ ಎಂಬ ಅಮೆರಿಕದ ವೈದ್ಯೆ ಇಂಥ ಮಾತುಕತೆಗೆ ಒಂದು ಪ್ರಶ್ನಾವಳಿ ರೂಪಿಸಿದ್ದಾರೆ: ನಂಬಿಕೆ ಏನು, ಅದು ಬದುಕಿನಲ್ಲಿ ಎಷ್ಟು ಮುಖ್ಯ, ಜೊತೆಗೆ ಯಾರಿದ್ದಾರೆ, ಚಿಕಿತ್ಸೆಯಲ್ಲಿ ಅದಕ್ಕೆ ನಾವೇನು ಮಾಡಬೇಕು. ನಾನು ಅದನ್ನು ಈಗ ಕಲಬುರಗಿ ಕಡೆಯ ಕನ್ನಡದಲ್ಲಿ ಕೇಳುತ್ತೇನೆ: ‘ಕಷ್ಟ ಬಂದಾಗ ಯಾರನ್ನ ನೆನಸ್ತೀರಿ?’ ಕೆಲವರು ದೇವರ ಹೆಸರು ಹೇಳುತ್ತಾರೆ. ಒಬ್ಬರು ತಮ್ಮ ಎತ್ತಿನ ಹೆಸರು ಹೇಳಿದರು.

4. ‘ಧೈರ್ಯವಾಗಿರಿ’ ಅನ್ನುವುದು ಬಾಯಿ ಮುಚ್ಚಿಸುವ ಮಾತು.

ಕಷ್ಟ ಮನುಷ್ಯನನ್ನು ಬೆಳೆಸುತ್ತದೆ ಎನ್ನುವುದರಲ್ಲಿ ನನಗೆ ಬಲವಾದ ನಂಬಿಕೆಯಿತ್ತು, ಅದೂ ಬೇರೆಯವರ ಕಷ್ಟದ ವಿಷಯದಲ್ಲಿ. ರಾಯಚೂರು ಕಡೆಯ ಶಾಲಾ ಶಿಕ್ಷಕಿಯೊಬ್ಬರಿಗೆ ಕ್ಯಾನ್ಸರ್ ಗೆದ್ದವರ ಕಥೆಗಳನ್ನು ಫೋನಿಗೆ ಕಳಿಸುತ್ತಿದ್ದೆ. ಒಂದು ದಿನ ಅವರು, ‘ಇವತ್ತ ನನಗ ಧೈರ್ಯ ಇಲ್ಲರಿ ಸರ್, ನಡೀತದಲ್ಲ?’ ಅಂದರು. ನನ್ನ ಅಪ್ಪಣೆ ಕೇಳುವ ಸ್ಥಿತಿಗೆ ಅವರನ್ನು ತಂದಿಟ್ಟಿದ್ದೆ.

ಆಘಾತದ ನಂತರದ ಬೆಳವಣಿಗೆ ಎಂಬ ವಿಚಾರವನ್ನು 1990ರ ದಶಕದಲ್ಲಿ ಮುಂದಿಟ್ಟವರು ಟೆಡೆಸ್ಕಿ ಮತ್ತು ಕ್ಯಾಲ್ಹೌನ್ ಎಂಬ ಮನಃಶಾಸ್ತ್ರಜ್ಞರು. ನನ್ನಂಥವರು ಅದರ ಶೀರ್ಷಿಕೆ ಮಾತ್ರ ಓದಿರುತ್ತೇವೆ. ಬೆಳವಣಿಗೆ ಬಂದರೂ ಸಂಕಟ ಹೋಗುವುದಿಲ್ಲ, ಎರಡೂ ಜೊತೆಗಿರಬಹುದು, ಎಲ್ಲರಿಗೂ ಬರಲೇಬೇಕೆಂದೂ ಇಲ್ಲ ಅಂತ ಅವರೇ ಹೇಳಿದ್ದಾರೆ. ಆ ಶಿಕ್ಷಕಿಗೆ ‘ನಡೀತದೆ’ ಅಂದೆ. ಅವತ್ತೇ ಮೊದಲ ಸಲ ಅವರು ತಮ್ಮ ಮಕ್ಕಳ ಬಗ್ಗೆ, ತಮಗಿರುವ ಭಯದ ಬಗ್ಗೆ ಮಾತಾಡಿದರು.

5. ಮನೆಯವರ ಮೇಲಿನ ಕನಿಕರಕ್ಕೆ ರೋಗಿಗೆ ಸುಳ್ಳು ಹೇಳಬೇಡಿ.

ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಶಹಾಪುರ ಕಡೆಯ ಒಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್. ಕಾರಿಡಾರಿನಲ್ಲಿ ಮಗ ನನ್ನ ಕೈ ಹಿಡಿದು, ‘ಅಪ್ಪಗ ಆ ಹೆಸರ ಹೇಳಬ್ಯಾಡ್ರಿ, ಎದಿ ಒಡಕೊಂತಾರ’ ಅಂದ. ವೈದ್ಯರು ಸೌಮ್ಯವಾಗಿ, ಆದರೆ ಸ್ಪಷ್ಟವಾಗಿ ಹೇಳಿದ್ದನ್ನು ನಾನು ಕನ್ನಡದಲ್ಲಿ ‘ಗಡ್ಡಿ, ಔಷಧಕ್ಕ ಕರಗ್ತದ’ ಮಾಡಿದೆ. ವೈದ್ಯರಿಗೆ ಕನ್ನಡ ಬಾರದು. ಆ ಕೋಣೆಯಲ್ಲಿ ನಾನು ಸುಳ್ಳು ಹೇಳಿದ್ದು ಮಗನಿಗೂ ನನಗೂ ಮಾತ್ರ ಗೊತ್ತಿತ್ತು.

ಅವರಿಗೂ ಅಣ್ಣನಿಗೂ ಹೊಲದ ಬದುವಿನ ಜಗಳ, ಎಷ್ಟೋ ವರ್ಷದಿಂದ ಮಾತಿಲ್ಲ. ನಿಜ ತಿಳಿಯುವ ಹೊತ್ತಿಗೆ ಊರಿಗೆ ಹೋಗುವ ತ್ರಾಣ ಉಳಿದಿರಲಿಲ್ಲ. ‘ಮೊದಲ ಹೇಳಿದ್ರ ನಾನೇ ಹೋಗಿ ಅಣ್ಣನ ಕಾಲ ಹಿಡೀತಿದ್ನಲ್ರಿ. ನೀವ್ ಯಾಕ ಸುಳ್ಳ ಹೇಳಿದ್ರಿ?’ ಅಂದರು. ಅಣ್ಣ ಬಂದರು, ಪಕ್ಕದಲ್ಲಿ ಕೂತರು. ಆದರೆ ತಾನಾಗಿ ಹೋಗಿ ಕ್ಷಮೆ ಕೇಳುವ ಅವಕಾಶವನ್ನು ನಾನು ಅವರಿಂದ ಕಿತ್ತುಕೊಂಡಿದ್ದೆ. ಈಗ ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ: ವೈದ್ಯರ ಮಾತು ಬದಲಿಸುವುದಿಲ್ಲ, ಆದರೆ ಎಷ್ಟು ತಿಳಿಯಬೇಕು ಅಂತ ರೋಗಿಯನ್ನೇ ಕೇಳಿಕೊಂಡು ಮುಂದುವರಿಯೋಣ ಅಂತ ವೈದ್ಯರಿಗೆ ಹೇಳುತ್ತೇನೆ. ಕೆಲವರು ‘ಎಲ್ಲ ಹೇಳ್ರಿ’ ಅನ್ನುತ್ತಾರೆ. ಕೆಲವರು ‘ಮಗನಿಗೆ ಹೇಳ್ರಿ, ನನಗ ಬ್ಯಾಡ’ ಅನ್ನುತ್ತಾರೆ. ಎರಡೂ ಅವರ ತೀರ್ಮಾನ.

6. ಹಾಸಿಗೆಯ ಕೆಳಗೆ ಚಾಪೆ ಹಾಸಿಕೊಂಡವರನ್ನೂ ಮಾತಾಡಿಸಿ.

ಬರುವವರೆಲ್ಲ ‘ಅವರು ಹೇಗಿದ್ದಾರೆ?’ ಅಂತಲೇ ಕೇಳುತ್ತಾರೆ. ನಾನೂ ಅದೇ ಸಾಲಿನಲ್ಲಿದ್ದೆ. ರೋಗಿಯ ಜೊತೆಗೆ ಬಂದವರ ಪಾಡು ಬೇರೆ: ಊರಲ್ಲಿ ಕೊಯ್ಲು ನಿಂತಿದೆ, ಕರ್ನಾಟಕದ ಆರೋಗ್ಯ ಕಾರ್ಡು ಇಲ್ಲಿ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ, ಜೋಳದ ರೊಟ್ಟಿ ಕಂಡು ಎಷ್ಟೋ ದಿನವಾಗಿದೆ, ಸುತ್ತ ತೆಲುಗು. ಅಂಥ ಒಬ್ಬ ಹೆಂಡತಿ ಒಂದು ಸಂಜೆ ‘ಲಗೂ ಹೋಗ್ಲಿ ಅನಸ್ತದ್ರಿ’ ಅಂದರು. ‘ಛೆ, ಹಾಗೆಲ್ಲ ಅನ್ನಬಾರದಮ್ಮ’ ಅಂದುಬಿಟ್ಟೆ. ಆಕೆ ಮತ್ತೆ ನನ್ನ ಜೊತೆ ಮನಸ್ಸು ಬಿಚ್ಚಲಿಲ್ಲ. ಇದನ್ನು ಸಿಸ್ಟರ್‌ಗೆ ಹೇಳಿದಾಗ, ‘“ನೋಡೋಕಾಗ್ತಿಲ್ಲ, ಅಲ್ವಾ?” ಅಂದಿದ್ದರೆ ಸಾಕಿತ್ತು ಸರ್’ ಅಂದರು. ಈಗ ನನ್ನ ಮೊದಲ ಪ್ರಶ್ನೆ ಚಾಪೆಯ ಮೇಲಿರುವವರಿಗೆ: ‘ನೀವು ಉಂಡ್ರಾ?’ ಎಷ್ಟೋ ಸಲ ಉತ್ತರ ಹೇಳುವ ಮೊದಲೇ ಅವರ ಕಣ್ಣು ತುಂಬಿರುತ್ತದೆ.

7. ನಿಮ್ಮ ದುಃಖಕ್ಕೆ ಬೇರೆ ಜಾಗ ಹುಡುಕಿಕೊಳ್ಳಿ.

ನನ್ನ ತಮ್ಮನೂ ಕ್ಯಾನ್ಸರಿನಲ್ಲೇ ಹೋದ. ಆತ್ಮೀಯತೆ ಬೆಳೆಯಲಿ ಅಂತ ಅದನ್ನು ರೋಗಿಗಳಿಗೆ ಹೇಳುತ್ತಿದ್ದೆ. ಒಬ್ಬರು ನನ್ನ ಕೈ ಸವರಿ ನನಗೇ ಸಮಾಧಾನ ಹೇಳತೊಡಗಿದಾಗ ನಾಚಿಕೆಯಾಯಿತು. ಈಗ ಅದನ್ನೆಲ್ಲ ಸ್ವಯಂಸೇವಕರು ಸೇರುವ ದಿನ ಅಲ್ಲಿ ಹೇಳಿಕೊಳ್ಳುತ್ತೇನೆ.

8. ಕೆಲವರು ಸಿಟ್ಟಿನಲ್ಲೇ ಹೋಗುತ್ತಾರೆ, ಹೋಗಲಿ.

ಬೀದರ್ ಕಡೆಯ ಒಬ್ಬರು ದೇವರನ್ನು, ಅಳಿಯನನ್ನು, ಸರ್ಕಾರವನ್ನು, ನನ್ನನ್ನು ಒಂದೇ ಉಸಿರಿನಲ್ಲಿ ಬೈಯುತ್ತಿದ್ದರು. ಒಂದಲ್ಲ ಒಂದು ದಿನ ಶಾಂತರಾಗುತ್ತಾರೆ, ಆ ಘಳಿಗೆಗೆ ನಾನು ಸಾಕ್ಷಿಯಾಗುತ್ತೇನೆ ಅಂತ ಒಳಗೊಳಗೇ ಆಸೆಯಿತ್ತು. ಆಗಲಿಲ್ಲ. ಕೊನೆಯವರೆಗೂ ಬೈದರು. ಸೋತೆ ಅಂದುಕೊಂಡು ಕೆಲವು ವಾರ ಆ ಕಡೆ ತಲೆ ಹಾಕಲಿಲ್ಲ. ಆಮೇಲೊಮ್ಮೆ ಅವರ ಮಗಳು ಫೋನ್ ಮಾಡಿ, ‘ಅಪ್ಪ ಮನಿಯಾಗ ಯಾರ ಮುಂದೂ ಬಾಯಿ ಬಿಡ್ತಿದ್ದಿಲ್ರಿ, ನಿಮ್ಮ ಮುಂದ ಬೈತಿದ್ರಲ್ಲ, ಅದ ಛಲೋ ಆತು’ ಅಂದರು. ಅವರಿಗೆ ಬೇಕಿದ್ದದ್ದು ಬೈಸಿಕೊಳ್ಳಲು ಒಬ್ಬ ಮನುಷ್ಯ. ಶಾಂತಿ ಬೇಕಿದ್ದದ್ದು ನನಗೆ, ಸತ್ಸಂಗದಲ್ಲಿ ಹೇಳಿಕೊಳ್ಳಲು.

ಇಷ್ಟೆಲ್ಲ ಬರೆದವನು ಈಗ ತಪ್ಪು ಮಾಡುವುದಿಲ್ಲ ಅಂತ ಯಾರೂ ತಿಳಿಯಬಾರದು. ಕರ್ಮದ ಮಾತು ಈಗಲೂ ನಾಲಗೆಯ ತುದಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಕಷ್ಟದಲ್ಲಿರುವವರಿಗೆ ಅದರ ಅರ್ಥ ಹೇಳಿಕೊಡುವ ಕೆಲಸ ನನ್ನದಲ್ಲ. ಅವರೇ ಹುಡುಕಿಕೊಳ್ಳುವುದಾದರೆ ಅದಕ್ಕೆ ನೋವಿಲ್ಲದ ಒಂದು ಗಂಟೆ, ನಿಜ ಹೇಳುವ ಒಬ್ಬ ದುಭಾಷಿ, ಎದ್ದು ಹೋಗದೆ ಕೂರುವ ಒಬ್ಬ ಮನುಷ್ಯ ಬೇಕು. ಹೈದರಾಬಾದಿನಲ್ಲಿರುವ ಕನ್ನಡಿಗರು, ಅದರಲ್ಲೂ ಕಲಬುರಗಿ, ಬೀದರ್ ಕಡೆಯ ಮಾತು ಬಲ್ಲವರು, ವಾರಕ್ಕೊಂದು ಮಧ್ಯಾಹ್ನ ಕೊಡಬಲ್ಲಿರಾದರೆ ನಿಮ್ಮ ಹತ್ತಿರದ ಪ್ಯಾಲಿಯೇಟಿವ್ ಕೇರ್ ವಿಭಾಗದಲ್ಲಿ ವಿಚಾರಿಸಿ. ತರಬೇತಿ ಅವರೇ ಕೊಡುತ್ತಾರೆ. ಬರುವಾಗ ಪುಸ್ತಕ ತರಬೇಡಿ, ಆದರೆ ರೊಟ್ಟಿ ತನ್ನಿ.