ಹಿಂಗಾರಿ ಬಿತ್ತನೆಗೆ ಮುನ್ನ ಹಸಿ ಅಳೆಯುವ ಬಗೆ

ರಾಯಚೂರು ಜಿಲ್ಲೆಯ ಮಾನ್ವಿ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯೂ ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯೂ ಬಂದಿವೆ. ಆದರೂ ಮಸರಕಲ್ ಸೇರಿದಂತೆ ಈ ಸೀಮೆಯಲ್ಲಿ ಕಾಲುವೆ ನೀರು ಏರದ ಎರೆ ಹೊಲಗಳು ಇನ್ನೂ ಇವೆ. ಇಂಥ ಹೊಲಗಳಲ್ಲಿ ಹಿಂಗಾರಿ ಜೋಳವು ಬಿತ್ತುವ ಮುನ್ನ ಭೂಮಿಯಲ್ಲಿ ಕೂಡಿದ ಹಸಿಯ ಮೇಲೆಯೇ ಬಹುಮಟ್ಟಿಗೆ ಬೆಳೆಯುತ್ತದೆ. ಬಿತ್ತಿದ ಮೇಲೆ ಮಳೆ ಬಂದರೆ ಅದು ಲಾಭ. ಅದನ್ನು ನಂಬಿ ಕೂರುವಂತಿಲ್ಲ. ಆದುದರಿಂದ ಕೂರಿಗೆ ಹೂಡುವ ಮುನ್ನ ಹಸಿ ಎಷ್ಟು ಆಳದವರೆಗೆ ಇದೆ ಎಂಬುದನ್ನು ತಿಳಿದುಕೊಳ್ಳುವುದು ಅತ್ಯವಶ್ಯಕ.

ಅನುಭವಸ್ಥ ರೈತರು ಇದನ್ನು ಕೈಯಿಂದ, ಕಾಲಿನಿಂದ ನೋಡಿ ಹೇಳಬಲ್ಲರು. ನಾಲ್ಕು ಬೆರಳು ಆಳದ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಅದುಮುತ್ತಾರೆ. ಉಂಡೆಯಾಗಿ ಅಂಗೈಗೆ ಅಂಟಿಕೊಂಡರೆ ಹದ ಮೀರಿದ ಹಸಿ. ಆಗ ಕೂರಿಗೆಯ ತಾಳಿನ ಸಾಲು ಮೆತ್ತಿದಂತಾಗಿ, ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಉಂಡೆಯಾಗಿ ಹೆಬ್ಬೆರಳಿನಿಂದ ಒತ್ತಿದಾಗ ಒಡೆದರೆ ಬಿತ್ತಲು ಹದ. ಉಂಡೆಯೇ ಕಟ್ಟದಿದ್ದರೆ ಬೀಜ ಹಾಕಬಾರದು. ಈ ಪರೀಕ್ಷೆ ಸರಿಯಾದುದೇ. ಆದರೆ ಇದು ಬೀಜ ಮೊಳೆಯುವುದೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ. ಬೆಳೆ ತೆನೆಗಟ್ಟುವುದೋ ಇಲ್ಲವೋ ಎಂಬುದು ಅದರ ಕೆಳಗಿನ ಎರಡು ಮೂರು ಅಡಿಗಳಲ್ಲಿ ಅಡಗಿದೆ.

ಮೋಸ ಹೋಗುವುದು ಇಲ್ಲಿಯೇ. ಒಣಗಿದ ಎರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಗೇಣುದ್ದವೂ ಇಳಿಯುವುದಿಲ್ಲ. ಮೇಲ್ಮಣ್ಣು ಮಾತ್ರ ಉಂಡೆ ಕಟ್ಟುತ್ತದೆ, ಉತ್ತರೆಯೋ ಹಸ್ತವೋ ನಡೆದಿರುತ್ತದೆ, ಪಕ್ಕದ ಹೊಲದವರು ಬಿತ್ತಿರುತ್ತಾರೆ. ನಾವೂ ಬಿತ್ತುತ್ತೇವೆ. ಪೈರು ಚೆನ್ನಾಗಿ ಮೊಳೆತು ಮೊಣಕಾಲೆತ್ತರ ಬರುತ್ತದೆ. ಬೇರು ಒಣ ಪದರವನ್ನು ದಾಟಲಾರದು. ಡಿಸೆಂಬರಿನಲ್ಲಿ ತೆನೆ ಹೊರಬರುವ ಹೊತ್ತಿಗೆ ಎಲೆ ಸುರುಳಿ ಸುತ್ತುತ್ತದೆ. ಕಾಳು ತುಂಬುವಾಗ ಹಸಿ ಸಾಲದಿದ್ದರೆ ಇದ್ದಿಲು ಕೊಳೆ ರೋಗವೂ ಸೇರಿ ದಂಟು ಬುಡದಲ್ಲಿ ಮುರಿದು ಬೀಳುತ್ತದೆ. ಕಾಳೂ ಹೋಯಿತು, ದನಗಳ ಕಣಿಕೆಯೂ ಕೆಟ್ಟಿತು.

ಆಳದ ಹಸಿ ತಿಳಿಯಲು ದೊಡ್ಡ ಉಪಕರಣ ಬೇಡ. ಬೆರಳು ದಪ್ಪದ, ನಾಲ್ಕು ಅಡಿ ಉದ್ದದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಚೂಪು ಮಾಡಿಸಿ, ಇನ್ನೊಂದು ತುದಿಗೆ ಅಡ್ಡ ಹಿಡಿಕೆ ಹಾಕಿಸಿ. ಒಂದೊಂದು ಅಡಿಗೆ ಗುರುತು ಇರಲಿ. ಮಳೆ ನಿಂತು ಎರಡು ದಿನ ಕಳೆದ ಮೇಲೆ ಹೊಲದ ಹತ್ತು ಕಡೆ, ದಿಣ್ಣೆ ಮತ್ತು ತಗ್ಗು ಎರಡನ್ನೂ ಸೇರಿಸಿ, ಮೈಭಾರ ಹಾಕಿ ಒತ್ತಬೇಕು. ಹಸಿ ಇರುವವರೆಗೆ ಸಲಾಕೆ ಸರಾಗವಾಗಿ ಇಳಿಯುತ್ತದೆ. ಒಣ ಮಣ್ಣು ತಾಗಿದೊಡನೆ ನಿಲ್ಲುತ್ತದೆ. ಗರಸು ಅಥವಾ ಸುಣ್ಣದ ಹರಳು ಇರುವಲ್ಲಿ ಕಲ್ಲಿಗೆ ತಾಗಿಯೂ ನಿಲ್ಲಬಹುದು. ಆಗ ಒಂದು ಮಾರು ಸರಿದು ಮತ್ತೆ ಒತ್ತಿ ನೋಡಿ.

ಎರೆಯಲ್ಲಿ ಇನ್ನೊಂದು ವಿಶೇಷವಿದೆ. ಬೇಸಿಗೆಯ ಬಿರುಕುಗಳಲ್ಲಿ ಮೊದಲ ಮಳೆಗಳ ನೀರು ನೇರವಾಗಿ ಆಳಕ್ಕೆ ಇಳಿಯುತ್ತದೆ. ಬಿರುಕು ಮುಚ್ಚಿದ ಜಾಗದಲ್ಲಿ ಒತ್ತಿದ ಸಲಾಕೆ ಮೂರು ಅಡಿ ಹೋದರೆ, ಎರಡು ಮೊಳ ಆಚೆ ಒಂದೇ ಅಡಿಗೆ ನಿಂತೀತು. ಆದ್ದರಿಂದ ಸಲಾಕೆಯನ್ನೇ ನಂಬದೆ, ಒಂದು ಕಡೆ ಗುದ್ದಲಿಯಿಂದ ಎರಡು ಅಡಿ ಗುಂಡಿ ತೆಗೆದು, ಮೇಲಿನ ಹಸಿ ಕೆಳಗಿನ ಹಸಿಗೆ ಕೂಡಿದೆಯೆ ಎಂದು ಕಣ್ಣಾರೆ ನೋಡುವುದು ಒಳ್ಳೆಯದು. ಅರ್ಧ ಗಂಟೆಯ ಕೆಲಸ.

ಒಂದು ಅಡಿ ಎರೆ ಪೂರ್ತಿ ನೆನೆದಾಗ ಬೆಳೆಗೆ ಸಿಗುವ ನೀರು ಸುಮಾರು 5 ಸೆಂ.ಮೀ. ಜೋಳ ಹೊಲದಲ್ಲಿ ನಾಲ್ಕು ತಿಂಗಳು ನಿಲ್ಲಬೇಕು. ಮೂರು ಅಡಿ ಹಸಿ ಇದ್ದರೆ ಎಂ. 35-1 ಮುಂತಾದ ಜೋಳದ ತಳಿಗಳನ್ನು ಎಕರೆಗೆ 3 ಕಿ.ಗ್ರಾಂ. ಬೀಜದಂತೆ, 45 ಸೆಂ.ಮೀ. ಅಂತರದ ಸಾಲುಗಳಲ್ಲಿ ಧೈರ್ಯವಾಗಿ ಬಿತ್ತಬಹುದು. ಎರಡು ಅಡಿ ಮಾತ್ರ ಇದ್ದರೆ ಸಾಲಿನ ಅಂತರವನ್ನು 60 ಸೆಂ.ಮೀ.ಗೆ ಹೆಚ್ಚಿಸಿ ಬೀಜ ಕಡಿಮೆ ಮಾಡಬೇಕು, ಇಲ್ಲವೆ ಬೇಗ ಕೊಯ್ಲಿಗೆ ಬರುವ ಕಡಲೆಯನ್ನು ಹಾಕಬೇಕು. ಬೀಜ ದಟ್ಟವಾಗಿ ಬಿದ್ದರೆ ಫಸಲು ಹೆಚ್ಚು ಎಂಬ ನಂಬಿಕೆ ನೀರಾವರಿ ಹೊಲದಿಂದ ಒಣಭೂಮಿಗೆ ನುಸುಳಿದ್ದು. ಇಲ್ಲಿ ಅದು ಇರುವ ನೀರಿಗೆ ಬಾಯಿ ಹೆಚ್ಚಿಸಿದಂತೆ. ಒಂದೇ ಅಡಿ ಹಸಿ ಇದ್ದರೆ ಇನ್ನೊಂದು ಮಳೆಗೆ ಕಾಯುವುದೇ ಲೇಸು. ಚಿತ್ತೆಯಲ್ಲಿ ಹಸಿ ಕೂಡಿದರೂ ಕಡಲೆಗೆ ಹೊತ್ತು ಮೀರಿರುವುದಿಲ್ಲ, ಅಕ್ಟೋಬರ್ ಮುಗಿಯುವುದರೊಳಗೆ ಬಿತ್ತಿದರಾಯಿತು.

ಒಣ ಬೇಸಾಯದ ಪ್ರಯೋಗಗಳು ಈ ನಾಡಿಗೆ ಹೊಸವಲ್ಲ. 1930ರ ದಶಕದಲ್ಲಿಯೇ ಸೊಲ್ಲಾಪುರ, ವಿಜಾಪುರ, ಹಗರಿ, ರೋಹ್ತಕ್‌ಗಳ ಜೊತೆಗೆ ರಾಯಚೂರಿನಲ್ಲಿಯೂ ಇಂಥ ಸಂಶೋಧನೆ ಆರಂಭವಾಗಿತ್ತು. ಹೊಲಕ್ಕೆ ಬದು ಹಾಕಿ ಮಳೆಯ ನೀರನ್ನು ಇದ್ದಲ್ಲಿಯೇ ಇಂಗಿಸುವುದು, ಸಾಲುಗಳ ಅಂತರ ಹೆಚ್ಚಿಸುವುದು, ಪದೇ ಪದೇ ಎಡೆಕುಂಟೆ ಹೊಡೆಯುವುದು ಆ ಕಾಲದಿಂದಲೂ ಹೇಳುತ್ತ ಬಂದ ಮಾತುಗಳು.

ಎಡೆಕುಂಟೆಯನ್ನು ಕಳೆ ಇಲ್ಲವೆಂದು ಬಿಡುವ ರೂಢಿ ಈಗ ಹೆಚ್ಚುತ್ತಿದೆ. ಬಿತ್ತಿದ ಮೂರನೆಯ ವಾರ ಮೊದಲ ಎಡೆ, ಅನಂತರ ಹದಿನೈದು ದಿನಕ್ಕೊಮ್ಮೆ ಎರಡು ಎಡೆ ಹೊಡೆಯಬೇಕು. ಕೊನೆಯ ಎಡೆ ಎಳೆ ಬಿರುಕುಗಳು ಕಾಣಿಸಿದ ಕೂಡಲೇ ಆಗಬೇಕು. ಬಿರುಕು ಬೆರಳಗಲವಾದ ಮೇಲೆ ಹೊಡೆದ ಎಡೆಯಿಂದ ಹೆಂಟೆ ಏಳುತ್ತದೆ, ಬೇರು ಹರಿಯುತ್ತದೆ.