ಕೆಟ್ಟ ಸಿಲಿಂಡರಿನ ಲೆಕ್ಕ

ಹಳೆಯ ಟ್ರ್ಯಾಕ್ಟರಿನ ಒಂದು ಸಿಲಿಂಡರ್ ಕೆಟ್ಟರೆ ಖರ್ಚು ಎರಡು ದಾರಿಯಿಂದ ಬರುತ್ತದೆ. ಕೆಟ್ಟದ್ದನ್ನು ಸರಿಪಡಿಸಿದ ಖರ್ಚು ಒಂದು, ಕೆಡದೇ ಇದ್ದದ್ದನ್ನೂ ಬದಲಿಸಿದ ಖರ್ಚು ಇನ್ನೊಂದು. ಪರೀಕ್ಷೆ ಮಾಡದೆ ಎಂಜಿನ್ ಬಿಚ್ಚಿದಲ್ಲಿ ಎರಡನೆಯದೇ ದೊಡ್ಡದಾಗುತ್ತದೆ. ಹುನಗುಂದ–ಇಳಕಲ್ ಭಾಗದ ಮರೋಳದ ಸುತ್ತ ಇದರ ಮೇಲೆ ಇನ್ನೂ ಒಂದು ನಷ್ಟ ಕೂಡುತ್ತದೆ. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ 24,000 ಹೆಕ್ಟೇರಿಗೆ ಹನಿ ನೀರು ಕೊಡಲು ರೂಪಿಸಿದ ರಾಮಥಾಳ–ಮರೋಳ ಯೋಜನೆ ಇಲ್ಲಿದ್ದರೂ ಎರಿ ಹೊಲದ ಹಿಂಗಾರಿ ಕಡಲೆ, ಬಿಳಿಜೋಳ ಇಂದಿಗೂ ಹಸಿ ಆರುವ ಮುಂಚೆ ಮಣ್ಣಿಗೆ ಬೀಳಬೇಕು. ಆ ಹೊತ್ತಿನಲ್ಲಿ ಗ್ಯಾರೇಜಿನಲ್ಲಿ ನಿಂತ ಟ್ರ್ಯಾಕ್ಟರ್ ಮನೆಯವರೇ ಬಾಡಿಗೆ ಟ್ರ್ಯಾಕ್ಟರ್ ಹುಡುಕುವಂತೆ ಮಾಡುತ್ತದೆ.

ಮೊದಲ ಸುಳಿವು ಸೈಲೆನ್ಸರಿನ ಹೊಗೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಎಂದರೆ ಗಾಳಿ ಸಾಲದು, ಇಲ್ಲವೇ ಡೀಸೆಲ್ ಹೆಚ್ಚು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ನೀರು ಒಳಗೆ ಇಳಿದಿರುವುದನ್ನೋ ಡೀಸೆಲ್ ಪೂರ್ತಿ ಉರಿಯದಿರುವುದನ್ನೋ ಹೇಳುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಕೂಡಿದೆ ಎಂದೇ ಅರ್ಥ.

ಹಣದ ದೃಷ್ಟಿಯಲ್ಲಿ ಇವೆಲ್ಲ ಒಂದೇ ತೂಕದವಲ್ಲ. ದಿನಕ್ಕೆ ಅರ್ಧ ಲೀಟರ್ ಆಯಿಲ್ ಸುಡುವ ಎಂಜಿನ್ 30 ದಿನ ದುಡಿದರೆ 15 ಲೀಟರ್ ಬೇಕು. ಲೀಟರಿಗೆ 300 ರೂಪಾಯಿ ಹಿಡಿದರೆ 4,500 ರೂಪಾಯಿ. ಬಿತ್ತನೆ ಮುಗಿಯುವ ತನಕ ಇದನ್ನು ತಡೆದುಕೊಳ್ಳಬಹುದು. ಆಯಿಲಿನಲ್ಲಿ ನೀರು ಕಂಡರೆ ಮಾತ್ರ ಒಂದು ದಿನವೂ ಓಡಿಸಬಾರದು. ಬೇರಿಂಗ್ ಸವೆದು ಕ್ರ್ಯಾಂಕ್‌ಶಾಫ್ಟಿಗೆ ಪೆಟ್ಟು ಬಿದ್ದರೆ ಒಂದು ಸಿಲಿಂಡರಿನ ಕೆಲಸ ಇಡೀ ಎಂಜಿನ್ನಿನ ಕೆಲಸವಾಗುತ್ತದೆ.

ಯಾವ ಸಿಲಿಂಡರ್ ಎಂಬುದನ್ನು ಹೆಡ್ ಬಿಚ್ಚದೆಯೇ ತಿಳಿಯಬಹುದು. ಎಂಜಿನ್ ನಿಧಾನ ಓಡುತ್ತಿರುವಾಗ ನಾಜಲ್ಲಿಗೆ ಹೋಗುವ ಡೀಸೆಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾರೆ. ದುಡಿಯುವ ಸಿಲಿಂಡರಿನದಾದರೆ ಎಂಜಿನ್ ಕುಂಟುತ್ತದೆ. ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ದುಡಿಯುತ್ತಿರಲಿಲ್ಲ. ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೋಗಬಲ್ಲದು, ಆದ್ದರಿಂದ ಕೈಯನ್ನೂ ಮುಖವನ್ನೂ ದೂರವಿಡಬೇಕು. ಆಮೇಲೆ ದುಡಿಯದ ಸಿಲಿಂಡರಿನ ನಾಜಲ್ಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಬೇಕು. ದೋಷ ನಾಜಲ್ಲಿನ ಜೊತೆಗೇ ಹೋದರೆ ಎಂಜಿನ್ ಬಿಚ್ಚುವ ಮಾತೇ ಇಲ್ಲ.

ದೋಷ ಅಲ್ಲೇ ಉಳಿದರೆ ಕಂಪ್ರೆಷನ್ ಗೇಜ್ ಹಚ್ಚಬೇಕು. ಒಂದು ಸಿಲಿಂಡರ್ ಉಳಿದವುಗಳಿಗಿಂತ ಬಹಳ ಕೆಳಗಿದ್ದರೆ ರೋಗ ಅಲ್ಲಿದೆ. ಎಲ್ಲವೂ ಸಮನಾಗಿ ಕೆಳಗಿದ್ದರೆ ಅದು ವಯಸ್ಸಿನ ಸವೆತ. ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಗಾಳಿಯ ಪರೀಕ್ಷೆ. ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ಪಿಸ್ಟನ್ನನ್ನು ಮೇಲಕ್ಕೆ ತಂದು, ನಾಜಲ್ ತೂತಿನಿಂದ ಕಂಪ್ರೆಸರಿನ ಗಾಳಿ ಬಿಟ್ಟು ಕಿವಿಗೊಡಬೇಕು. ಆಯಿಲ್ ಹಾಕುವ ಬಾಯಿಂದ ಗಾಳಿ ಬಂದರೆ ರಿಂಗ್ ಅಥವಾ ಲೈನರ್, ಸೈಲೆನ್ಸರಿನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಏರ್ ಕ್ಲೀನರಿನಿಂದ ಬಂದರೆ ಇನ್ಲೆಟ್ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಎಲ್ಲೋ ಬಿರುಕಿದೆ. ಈ ಅಂಕಣಕಾರರ ಮನೆಯ ಮೂರು ಸಿಲಿಂಡರಿನ ಟ್ರ್ಯಾಕ್ಟರಿಗೆ ಒಂದು ಗ್ಯಾರೇಜಿನಲ್ಲಿ ಪೂರ್ತಿ ಎಂಜಿನ್ ಕೆಲಸದ ಅಂದಾಜು ಹೇಳಿದ್ದರು. ಈ ಪರೀಕ್ಷೆ ನಡುವಿನ ಸಿಲಿಂಡರೊಂದನ್ನೇ ತೋರಿಸಿತು. ಪರೀಕ್ಷೆಯ ಕೂಲಿಯನ್ನು ಬೇರೆಯಾಗಿ ಕೊಟ್ಟು ಮಾಡಿಸುವುದೇ ಲೇಸು.

ಹೆಡ್ ಬಿಚ್ಚಿದ ಮೇಲೆ ಕಣ್ಣಂದಾಜು ಸಾಲದು, ಅಳತೆ ಬೇಕು. ಲೈನರ್ ಹೆಚ್ಚು ಸವೆಯುವುದು ಮೇಲಿನ ರಿಂಗ್ ತಿರುಗುವ ಜಾಗದಲ್ಲಿ. ಬೋರ್ ಗೇಜ್ ಇದ್ದರೆ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಯುತ್ತಾರೆ. ಇಲ್ಲದಿದ್ದರೆ ರಿಂಗೇ ಅಳತೆಗೋಲು. ರಿಂಗನ್ನು ಲೈನರಿನ ಕೆಳಭಾಗದ ಸವೆಯದ ಜಾಗದಲ್ಲಿ ನೇರವಾಗಿ ಕೂಡಿಸಿ ಅದರ ತುದಿಗಳ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು, ಬಳಿಕ ಮೇಲಿನ ಸವೆದ ಜಾಗದಲ್ಲಿ. ಕೆಳಗೆ 0.35, ಮೇಲೆ 0.98 ಮಿಲಿಮೀಟರ್ ಬಂತೆನ್ನಿ, ವ್ಯತ್ಯಾಸ 0.63ನ್ನು 3.14ರಿಂದ ಭಾಗಿಸಿದರೆ ಲೈನರಿನ ವ್ಯಾಸ 0.20 ಮಿಲಿಮೀಟರ್ ಹಿಗ್ಗಿದೆ ಎಂದಾಯಿತು. ಆ ಅಂಕಿಯನ್ನು ಕಂಪನಿಯ ಪುಸ್ತಕದ ಮಿತಿಯೊಂದಿಗೆ ಹೋಲಿಸಬೇಕು.

ಇಷ್ಟರಲ್ಲೇ ಕಾರಣವೂ ಸಿಗಬೇಕು, ಇಲ್ಲದಿದ್ದರೆ ಹೊಸ ಲೈನರಿಗೂ ಅದೇ ಗತಿ. ಸೋರುವ ನಾಜಲ್ ಗೋಡೆಯ ಮೇಲಿನ ಆಯಿಲ್ ತೊಳೆದು ಪಿಸ್ಟನ್ ಗೀರುವಂತೆ ಮಾಡುತ್ತದೆ. ಏರ್ ಕ್ಲೀನರಿನ ಪೈಪ್ ಬಿರಿದಿದ್ದರೆ ದೂಳು ನೇರವಾಗಿ ಒಳಹೋಗುತ್ತದೆ. ಗ್ರಾನೈಟಿನಲ್ಲಿರುವ ಬೆಣಚು ಎರಕದ ಕಬ್ಬಿಣಕ್ಕಿಂತ ಗಟ್ಟಿ, ಹಾಗಾಗಿ ಇಳಕಲ್ಲಿನ ಕಲ್ಲುಗಣಿಗಳ ಕಡೆ ಟ್ರೇಲರ್ ಎಳೆಯುವ ಎಂಜಿನ್ನಿಗೆ ಈ ಭಯ ಹೆಚ್ಚು. ರೇಡಿಯೇಟರಿಗೆ ಬರೀ ಬೋರ್‌ವೆಲ್ ನೀರು ಸುರಿದರೆ ಸುಣ್ಣ ಕಟ್ಟಿ ಶಾಖ ಹೊರಹೋಗದು, ನೀರಿಗೆ ತಾಗುವ ಲೈನರಿನ ಹೊರಮೈಯಲ್ಲಿ ಗುಳಿ ಬೀಳುತ್ತದೆ.

ಹಾನಿ ಒಂದೇ ಕಡೆಯದಾಗಿ ಉಳಿದವು ಮಿತಿಯೊಳಗಿದ್ದರೆ ಒಂದನ್ನೇ ಮಾಡಿಸಬಹುದು. ಹೊಸ ಪಿಸ್ಟನ್ನಿನ ತೂಕ ಹಳೆಯವುಗಳಿಗೆ ಹೊಂದಬೇಕು. ಉಳಿದವೂ ಮಿತಿಯ ಅಂಚಿನಲ್ಲಿದ್ದರೆ ಎಲ್ಲವನ್ನೂ ಒಟ್ಟಿಗೆ ಮಾಡಿಸುವುದೇ ಉಳಿತಾಯ, ಏಕೆಂದರೆ ಹೆಡ್ ಬಿಚ್ಚುವ ಕೂಲಿ, ಗ್ಯಾಸ್ಕೆಟ್, ಆಯಿಲ್ ಎರಡು ಸಲ ಕೊಡಬೇಕಾಗುವುದಿಲ್ಲ. ಬಿಡಿಭಾಗ ಸಿಗುತ್ತದೆಯೇ ಎಂಬುದನ್ನೂ ಮೊದಲೇ ವಿಚಾರಿಸಬೇಕು. 1971ರಲ್ಲಿ ಪಿಂಜೋರಿನಲ್ಲಿ ಝೆಟರ್ ತಂತ್ರಜ್ಞಾನದೊಂದಿಗೆ ಶುರುವಾದ ಎಚ್‌ಎಂಟಿ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಅಂಥ ಗಾಡಿಗೆ ಲೈನರ್ ಕೈಗೆ ಬಂದ ಮೇಲೆಯೇ ಎಂಜಿನ್ ಬಿಚ್ಚುವುದು ಕ್ಷೇಮ.

ನೀರಿಗೆ ತಾಗುವ ಲೈನರನ್ನು ಗ್ಯಾರೇಜಿನಲ್ಲೇ ಎಳೆದು ಹೊಸದನ್ನು ಕೂಡಿಸಬಹುದು. ಕೆಳಗಿನ ರಬ್ಬರ್ ರಿಂಗ್ ಹೊಸದಿರಬೇಕು, ಲೈನರಿನ ಅಂಚು ಬ್ಲಾಕಿಗಿಂತ ಪುಸ್ತಕದಲ್ಲಿ ಹೇಳಿದಷ್ಟೇ ಮೇಲೆದ್ದಿರಬೇಕು. ಕಡಿಮೆಯಾದರೆ ಗ್ಯಾಸ್ಕೆಟ್ ಬೇಗ ಹೋಗುತ್ತದೆ. ನೀರಿಗೆ ತಾಗದ ಲೈನರಾದರೆ ಬ್ಲಾಕನ್ನೇ ವರ್ಕ್‌ಶಾಪಿಗೆ ಒಯ್ದು ಪ್ರೆಸ್ ಮಾಡಿಸಿ, ಅಗತ್ಯವಿದ್ದರೆ ಬೋರ್ ಮತ್ತು ಹೋನ್ ಮಾಡಿಸಬೇಕು. ಆದ್ದರಿಂದ ಕೂಲಿಯೂ ದಿನಗಳೂ ಹೆಚ್ಚು. ಕನೆಕ್ಟಿಂಗ್ ರಾಡ್ ಬಾಗಿದೆಯೇ ಎಂದು ಆಗಲೇ ನೋಡಿಸಬೇಕು.

ಈ ಹಣಕ್ಕೆ ಖಾಸಗಿ ಬಡ್ಡಿ ಹುಡುಕುವ ಮುನ್ನ ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ ನೋಡಬೇಕು. ರಿಸರ್ವ್ ಬ್ಯಾಂಕಿನ ಕೆಸಿಸಿ ಲೆಕ್ಕದಲ್ಲಿ ಬೆಳೆಯ ಖರ್ಚಿನ ಮೇಲೆ ಮನೆಖರ್ಚಿಗೆ ಮತ್ತು ಕೊಯ್ಲಿನ ನಂತರದ ಕೆಲಸಕ್ಕೆ ಶೇ 10, ಕೃಷಿ ಸಲಕರಣೆಗಳ ದುರಸ್ತಿ–ನಿರ್ವಹಣೆಗೆ ಶೇ 20 ಸೇರುತ್ತದೆ. ಬೆಳೆಯ ಖರ್ಚು 1,00,000 ರೂಪಾಯಿ ಆದರೆ ದುರಸ್ತಿಗೆ 20,000. ತಮ್ಮ ಮಿತಿಯಲ್ಲಿ ಇದು ಸೇರಿದೆಯೇ ಎಂದು ಶಾಖೆಯಲ್ಲಿ ಕೇಳಿ ತಿಳಿಯುವುದು ರೈತರ ಹಕ್ಕು.

ಕೆಲಸ ಮುಗಿದ ಗಾಡಿಯನ್ನು ಮೊದಲ ದಿನವೇ ಭಾರದ ರಂಟೆಗೆ ಹೂಡಬಾರದು; ಹಾಗೆಂದು ಸುಮ್ಮನೆ ನಿಲ್ಲಿಸಿ ಗಂಟೆಗಟ್ಟಲೆ ಓಡಿಸುವುದೂ ತಪ್ಪು, ಒತ್ತಡವಿಲ್ಲದೆ ರಿಂಗ್ ಗೋಡೆಗೆ ಹೊಂದಿಕೊಳ್ಳುವುದಿಲ್ಲ. ಹಗುರ, ಮಧ್ಯಮ ಭಾರದ ಕೆಲಸದಲ್ಲಿ ಪಳಗಿಸಿ, ಪುಸ್ತಕ ಹೇಳಿದ ಗಂಟೆಗೆ ಹೆಡ್ಡಿನ ಬೋಲ್ಟ್ ಮತ್ತೆ ಬಿಗಿ ಮಾಡಿಸಿ, ಮೊದಲ ಆಯಿಲ್ ಮತ್ತು ಫಿಲ್ಟರನ್ನು ಬೇಗ ಬದಲಿಸಬೇಕು. ಬಿಲ್ಲಿನ ಹಿಂದೆ ಅಳತೆಗಳನ್ನು ಮಿಸ್ತ್ರಿಯ ಕೈಯಲ್ಲೇ ಬರೆಸಿಟ್ಟುಕೊಂಡರೆ ಮುಂದಿನ ಸಲ ಸವೆತ ಎಷ್ಟೆಂಬುದನ್ನು ಅದರಿಂದಲೇ ಲೆಕ್ಕ ಹಾಕಬಹುದು.